ಸುಣ್ಣದ ಗೆರೆಯ ಮೇಲೆ ನಡೆದು ನೋಡಿದ ಶಾಲೆ

ಹನ್ನೊಂದು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಕಟ್ಟಡದಲ್ಲಿ ಕಂಡ ತೂತು ಈಗಲೂ ನನ್ನ ಕಣ್ಣ ಮುಂದಿದೆ. ನಾಲ್ಕಿಂಚಿನ ಪೈಪು ಹಾಯಿಸಲೆಂದು ಪ್ಲಂಬರ್ ಕಾಂಕ್ರೀಟ್ ತೊಲೆಯ ತಳವನ್ನೇ ಒಡೆದಿದ್ದ. ಎರಡು ಸರಳುಗಳು ಬೆತ್ತಲಾಗಿದ್ದವು, ಅವುಗಳಲ್ಲಿ ಒಂದು ಪಕ್ಕಕ್ಕೆ ಬಾಗಿತ್ತು. ಎಂಜಿನಿಯರಾಗಿ ಆ ತೊಲೆಯ ಲೆಕ್ಕ ಹಾಕಿದ್ದವಳು ನಾನು. ಸಿಟ್ಟಿನಿಂದ ಕೂಗಾಡಿದೆ. ಅವನು ಎದುರಾಡಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು, "ಮೇಡಂ, ನನ್ನನ್ನು ಕರೆದದ್ದೇ ಮೊನ್ನೆ. ಪೈಪು ಎಲ್ಲಿಂದ ಹೋಗಬೇಕೆಂದು ಯಾವ ನಕ್ಷೆಯಲ್ಲಿಯೂ ಇಲ್ಲ" ಎಂದ.

ಅವನ ಮಾತು ನಿಜವಾಗಿತ್ತು. ನನ್ನ ನಕ್ಷೆಯಲ್ಲಿ ತೊಲೆಗಳಿದ್ದವು, ಪೈಪುಗಳಿರಲಿಲ್ಲ. ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಶೌಚಾಲಯಗಳಿದ್ದವು, ತೊಲೆಯ ಆಳವಿರಲಿಲ್ಲ. ನಾವಿಬ್ಬರೂ ನಮ್ಮ ನಮ್ಮ ಕೆಲಸ ಮುಗಿಸಿ ಹಣ ಪಡೆದು ಹೊರಟ ಮೇಲೆ, ಎರಡೂ ಕೂಡುವ ಜಾಗದಲ್ಲಿ ಉಳಿ ಹಿಡಿದು ನಿಂತವನು ಅವನು. ಉಕ್ಕಿನ ತಗಡು ಕೂರಿಸಿ ಆ ತೊಲೆಯನ್ನು ಸರಿಪಡಿಸಿದೆವು. ಆದರೆ ಅಂದಿನಿಂದ ಯಾವುದೇ ಹೊಸ ಗೋಡೆಯಲ್ಲಿ ಕೊರೆದ ಸೀಳನ್ನು, ಒಡೆದು ಮತ್ತೆ ಮೆತ್ತಿದ ಸಿಮೆಂಟನ್ನು ಕಂಡರೆ ನನಗೆ ಅಲ್ಲಿ ನಡೆಯಬೇಕಿದ್ದು ನಡೆಯದೇ ಹೋದ ಒಂದು ಮಾತುಕತೆ ಕಾಣಿಸುತ್ತದೆ.

ಧಾರವಾಡದಿಂದ ಕಲಘಟಗಿಯ ದಿಕ್ಕಿಗಿರುವ ಒಂದು ಹಳ್ಳಿಯ ಶಾಲೆಗೆ ಎರಡು ತರಗತಿ ಕೋಣೆ ಮತ್ತು ಒಂದು ಗ್ರಂಥಾಲಯ ಕಟ್ಟಿಕೊಡಬೇಕೆಂದು ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ನನ್ನ ಬಳಿ ಬಂದಾಗ ನಾನು ಒಂದೇ ಒಂದು ಷರತ್ತು ಹಾಕಿದೆ. ನಕ್ಷೆಯ ಮೊದಲ ಗೆರೆ ಎಳೆಯುವ ಮುನ್ನವೇ ಗೋಡೆ ಕಟ್ಟುವ ಗವಂಡಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಿಗ ಎಲ್ಲರೂ ನಿಗದಿಯಾಗಬೇಕು, ಮೊದಲ ದಿನವೇ ಒಂದೇ ಜಮಖಾನೆಯ ಮೇಲೆ ಕೂರಬೇಕು, ಕುಳಿತ ದಿನಗಳಿಗೆ ಅವರಿಗೆ ಕೂಲಿ ಸಿಗಬೇಕು. ಕೊನೆಯ ಮಾತಿಗೆ ಅವರು ಹಿಂಜರಿದರು. ಇಟ್ಟಿಗೆ ಇಡದವನಿಗೆ ಕೂಲಿ ಏಕೆ ಎಂದು ಕೇಳಿದರು. ಗವಂಡಿಯ ನಲವತ್ತು ವರ್ಷದ ಅನುಭವವನ್ನು ಪುಕ್ಕಟೆ ಪಡೆಯುವುದು ಸರಿಯಲ್ಲ, ಎಂಜಿನಿಯರಿನ ಸಲಹೆಗೆ ಹಣವಿರುವಾಗ ಅವರ ಸಲಹೆಗೂ ಇರಬೇಕು ಎಂದೆ. ಒಪ್ಪಿದರು.

ದೀಪಾವಳಿ ಕಳೆದ ವಾರ ಶಾಲೆಯ ಪಡಸಾಲೆಯಲ್ಲಿ ಕೂತೆವು. ಮುಖ್ಯಶಿಕ್ಷಕಿ, ವಾಸ್ತುಶಿಲ್ಪಿಯಾಗಿರುವ ನನ್ನ ಗೆಳತಿ, ಶಾಲಾಭಿವೃದ್ಧಿ ಸಮಿತಿಯ ಇಬ್ಬರು, ನಾಲ್ವರು ಕೆಲಸಗಾರರು, ಏಳನೆಯ ತರಗತಿಯ ನಾಲ್ಕು ಮಕ್ಕಳು. ಗೆಳತಿ ಅಂದಾಜಿಗೆಂದು ಒಂದು ಚಿತ್ರ ತಂದಿದ್ದಳು. ಕಟ್ಟಡ ರಸ್ತೆಗೆ ಹತ್ತಿರ, ಜಾಗದ ಪೂರ್ವ ಅಂಚಿಗೆ ಇತ್ತು. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂಬುದು ಊರವರ ಆಸೆ.

ಗವಂಡಿ ಕಾಕಾ ಚಿತ್ರವನ್ನು ನೋಡಲೇ ಇಲ್ಲ. ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದರು. "ತಂಗೀ, ಈ ಕಂಪೌಂಡ್ ಗೋಡೆ ನೋಡು." ಪೂರ್ವದ ಗೋಡೆಯಲ್ಲಿ ಮೆಟ್ಟಿಲಿನಂತೆ ಏರುತ್ತಾ ಹೋಗುವ ಬಿರುಕು, ನನ್ನ ಬೆರಳು ಹೋಗುವಷ್ಟು ಅಗಲ. ಪಶ್ಚಿಮದ ಗೋಡೆ ಅದೇ ವರ್ಷ ಅದೇ ಕಲ್ಲಿನಲ್ಲಿ ಕಟ್ಟಿದ್ದು, ಅದರಲ್ಲಿ ಒಂದು ಗೀರೂ ಇಲ್ಲ. "ಇತ್ತ ಎರೆ, ಅತ್ತ ಮಸಾರಿ. ನಡುವೆ ಎಲ್ಲಿ ಬದಲಾಗುತ್ತದೋ ಅಗೆದೇ ನೋಡಬೇಕು" ಎಂದರು.

ಧಾರವಾಡದ ನೆಲವನ್ನು ಬಲ್ಲವರಿಗೆ ಇದು ಹೊಸತಲ್ಲ. ಪೂರ್ವಕ್ಕೆ ನವಲಗುಂದದ ಕಡೆ ಹೋದರೆ ಕಪ್ಪು ಎರೆಭೂಮಿ, ಪಶ್ಚಿಮಕ್ಕೆ ಮಲೆನಾಡಿನ ಸೆರಗಿನತ್ತ ಸರಿದರೆ ಕೆಂಪು ಮಸಾರಿ. ಎರಡೂ ಒಂದೇ ಹೊಲದಲ್ಲಿ ಸೇರುವುದೂ ಉಂಟು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಗೋಡೆ ವರ್ಷಕ್ಕೊಮ್ಮೆ ಮೇಲೆದ್ದು ವರ್ಷಕ್ಕೊಮ್ಮೆ ಇಳಿಯುತ್ತದೆ. ಮೂರು ಗುಂಡಿ ತೋಡಿಸಿದೆವು. ಪೂರ್ವದಲ್ಲಿ 1.8 ಮೀಟರ್ ಹೋದರೂ ಕಪ್ಪು. ನಡುವಿನದರಲ್ಲಿ ಕಪ್ಪು ತೆಳುವಾಗಿ ಕೆಂಪು ಶುರುವಾಗಿತ್ತು. ಪಶ್ಚಿಮದ ಗುಂಡಿಯಲ್ಲಿ 70 ಸೆಂಟಿಮೀಟರಿಗೆ ಗಟ್ಟಿ ಗರಸು ಸಿಕ್ಕಿತು. ಕಟ್ಟಡವನ್ನು 14 ಮೀಟರ್ ಪಶ್ಚಿಮಕ್ಕೆ ಸರಿಸಿದೆವು, ಅಷ್ಟೆ. ಅಡಿಪಾಯದ ಆಳ ಅರ್ಧಕ್ಕಿಂತ ಕಡಿಮೆಯಾಯಿತು. ಕಲ್ಲು, ಸಿಮೆಂಟು, ಅಗೆತ, ಲಾರಿಯ ಡೀಸೆಲ್ ಎಲ್ಲ ಅದರ ಜೊತೆಯೇ ಇಳಿದವು. ಪರಿಸರಸ್ನೇಹಿ ಕಟ್ಟಡ ಎಂದರೆ ಜನ ಸೌರಫಲಕ ಎಲ್ಲಿ ಎಂದು ಕೇಳುತ್ತಾರೆ. ಈ ಕೆಲಸದಲ್ಲಿ ಅತಿ ಹೆಚ್ಚು ಉಳಿಸಿಕೊಟ್ಟದ್ದು ಒಬ್ಬ ಗವಂಡಿ ಬಿರುಕಿನೊಳಗೆ ಬೆರಳಿಟ್ಟು ನೋಡಿದ್ದು.

ಮಣ್ಣಿನ ಇಟ್ಟಿಗೆಯ ಮಾತು ಬಂದಾಗ ಮಾತ್ರ ಸಭೆ ಮುರಿಯುವುದರಲ್ಲಿತ್ತು. ಸುಡದ ಇಟ್ಟಿಗೆ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ್ದು, ನನ್ನ ಮಟ್ಟಿಗೆ ಚರ್ಚೆಯೇ ಬೇಡದಷ್ಟು ಸ್ಪಷ್ಟವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ದಶಕಗಳ ಕಾಲ ಇದರ ಮೇಲೆ ದುಡಿದಿದ್ದಾರೆ. ಬೆಂಗಳೂರಿನಲ್ಲಿ ಇಂಥ ಗೋಡೆಯ ಮನೆಗಳು ಸಾವಿರಗಟ್ಟಲೆ ಇವೆ. ಸುಟ್ಟ ಇಟ್ಟಿಗೆಯ ಗೋಡೆಗೆ ಖರ್ಚಾಗುವ ಶಕ್ತಿಯ ಮೂರನೇ ಒಂದು ಭಾಗದಷ್ಟರಲ್ಲಿಯೇ ಇದು ಸಿದ್ಧವಾಗುತ್ತದೆ, ಏಕೆಂದರೆ ಭಟ್ಟಿಯೇ ಇಲ್ಲ. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಸಮಿತಿಯ ಸದಸ್ಯೆಯೊಬ್ಬರು ಕೊನೆಯವರೆಗೆ ಕೇಳಿಸಿಕೊಂಡು ಹೇಳಿದರು:

"2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಮನೆಯ ಗೋಡೆ ಬಿತ್ತು. ಮಣ್ಣಿನ ಗೋಡೆ. ಅತ್ತೆ ಹೊರಗೆ ಮಲಗಿದ್ದಕ್ಕೆ ಉಳಿದರು. ಮಣ್ಣಿನ ಮನೆಯಿಂದ ಹೊರಗೆ ಬರಲು ಇಷ್ಟು ವರ್ಷ ಒದ್ದಾಡಿದ್ದೇವೆ. ನಮ್ಮ ಮಕ್ಕಳನ್ನು ಮತ್ತೆ ಅದರೊಳಗೇ ಕೂರಿಸುತ್ತೀರಾ, ಮೇಡಂ?"

ಆ ವರ್ಷ ಉತ್ತರ ಕರ್ನಾಟಕದಲ್ಲಿ ಬಿದ್ದ ಮನೆಗಳನ್ನು ನೋಡಿದವರಾರೂ ಆ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾರರು. ನನ್ನ ಬಳಿ ಅಂಕಿಗಳಿದ್ದವು, ಆದರೆ ಅವರು ಕೇಳಿದ್ದು ಅಂಕಿಯನ್ನಲ್ಲ. ಗವಂಡಿ ಕಾಕಾ ಕೂಡ ಅವರ ಪರವೇ ಇದ್ದರು. 1993ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದ ಮೇಲೆ ಅಲ್ಲಿಗೆ ಕೆಲಸಕ್ಕೆ ಹೋಗಿದ್ದವರು ಅವರು. ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಹೇಗೆ ಕುಸಿದಿದ್ದವೆಂದು ಅಂದು ಮೊದಲ ಬಾರಿಗೆ ಹೇಳಿದರು. ಒಬ್ಬರೂ ಮಾತಾಡಲಿಲ್ಲ.

ಸಭೆ ಮುಂದೂಡಿದೆವು. ಮುಂದಿನ ವಾರ ಬೆಂಗಳೂರಿನಿಂದ ತರಿಸಿದ, ಯಂತ್ರದಲ್ಲಿ ಒತ್ತಿದ ಒಂದು ಇಟ್ಟಿಗೆಯನ್ನೂ, ಅದೇ ಊರಿನ ಬಿದ್ದ ಮನೆಯೊಂದರ ಹಸಿ ಇಟ್ಟಿಗೆಯನ್ನೂ ಎರಡು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಶಾಲೆಯ ಕಟ್ಟೆಯ ಮೇಲಿಟ್ಟೆ. ಹಸಿ ಇಟ್ಟಿಗೆ ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲೇ ರಾಡಿಯಾಯಿತು. ಇನ್ನೊಂದನ್ನು ಮಕ್ಕಳು ದಿನಾ ಬೆಳಿಗ್ಗೆ ಕೈಹಾಕಿ ತೆಗೆದು, ಉಗುರಿನಿಂದ ಕೆರೆದು ಮತ್ತೆ ಮುಳುಗಿಸುತ್ತಿದ್ದರು. ಇಪ್ಪತ್ತು ದಿನ. ಅಂಚುಗಳು ಹಾಗೆಯೇ ಇದ್ದವು. ಆ ಸದಸ್ಯೆ ಬಂದು, ಇಟ್ಟಿಗೆಯನ್ನು ನೀರಿನಿಂದ ತೆಗೆದು ಕಟ್ಟೆಯ ಕಲ್ಲಿಗೆ ಎರಡು ಸಲ ಬಡಿದು ನೋಡಿ, "ಆಯಿತು, ಆದರೆ ಮಳೆ ಬೀಳುವ ಕಡೆಯ ಗೋಡೆಗೆ ಮಾಡು ಉದ್ದವಿರಬೇಕು" ಎಂದರು. ಆ ಮಾತನ್ನು ಅಂದೇ ನಕ್ಷೆಯಲ್ಲಿ ಬರೆದುಕೊಂಡೆವು. ಪಶ್ಚಿಮದ ಮಾಡಿನ ಚಾಚು 60 ಸೆಂಟಿಮೀಟರ್ ಇದ್ದದ್ದು 90 ಆಯಿತು. ಕಾಕಾ ಎತ್ತಿದ ಭಯಕ್ಕೆ ಉತ್ತರ ನನ್ನ ಲೆಕ್ಕದಲ್ಲಿ ಸಿಗಬೇಕಿತ್ತು. ಭೂಕಂಪದ ನಕ್ಷೆಯಲ್ಲಿ ಧಾರವಾಡ ಮೂರನೆಯ, ಅಂದರೆ ಮಧ್ಯಮ ಅಪಾಯದ, ವಲಯದಲ್ಲಿತ್ತು. ಪಾಯದ ಮೇಲೆ, ಕಿಟಕಿಯ ತಲೆಯ ಮಟ್ಟದಲ್ಲಿ, ಚಾವಣಿಯ ಕೆಳಗೆ ಗೋಡೆಗಳನ್ನೆಲ್ಲ ಸುತ್ತಿ ಹಿಡಿಯುವ ಕಾಂಕ್ರೀಟಿನ ಪಟ್ಟಿ, ಪ್ರತಿ ಮೂಲೆಯಲ್ಲಿ ನೆಟ್ಟಗೆ ನಿಲ್ಲುವ ಸರಳು. ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಎಂದು ವಿವರಿಸಿದಾಗ ಕಾಕಾ ತಲೆದೂಗಿದರು. ಕಿಲ್ಲಾರಿಯಲ್ಲಿ ಆ ಹಗ್ಗ ಇರಲಿಲ್ಲ ಎಂದರು.

ಎರಡನೆಯ ಹಂತದಲ್ಲಿ ಕಾಗದ ಬಿಟ್ಟು ಮೈದಾನಕ್ಕೆ ಇಳಿದೆವು. ಗೆಳತಿಯ ನಕ್ಷೆಯನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ನಿಜವಾದ ಅಳತೆಗೇ ಬರೆದೆವು. ಗೋಡೆ, ಬಾಗಿಲು, ಕಿಟಕಿ, ಶೌಚಾಲಯ. ಮಕ್ಕಳು ಬೆಂಚುಗಳನ್ನು ಹೊತ್ತು ತಂದು ಗೆರೆಗಳ ಒಳಗೆ ಕೂತರು. ಇಡೀ ಕೆಲಸದಲ್ಲಿ ಆ ದಿನವೇ ನನಗೆ ಅತ್ಯಂತ ಪ್ರಿಯವಾದದ್ದು. ನಕ್ಷೆ ಓದಲು ಬಾರದವರು ಇರಬಹುದು, ಅಂಗಳದಲ್ಲಿ ನಡೆಯಲು ಬಾರದವರಿಲ್ಲ. ಅಲ್ಲಿ ಎಲ್ಲರೂ ವಿನ್ಯಾಸಕಾರರಾದರು.

ಮುಖ್ಯಶಿಕ್ಷಕಿ ಹಲಗೆ ಇರಬೇಕಾದ ಜಾಗದಲ್ಲಿ ನಿಂತು ನೋಡಿ, ಕಿಟಕಿಯ ಬೆಳಕು ನೇರ ಹಲಗೆಗೆ ಬಡಿದು ಹಿಂದಿನ ಸಾಲಿಗೆ ಏನೂ ಕಾಣಿಸದು ಎಂದರು. ಹಲಗೆಯನ್ನು ಇನ್ನೊಂದು ಗೋಡೆಗೆ ಕೊಂಡೊಯ್ದೆವು. ಆಗ ಬೆಳಕು ಮಕ್ಕಳ ಎಡಗಡೆಯಿಂದ ಬರತೊಡಗಿತು, ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳುವುದು ತಪ್ಪಿತು.

ಶೌಚಾಲಯವನ್ನು ನಾವು ಪಶ್ಚಿಮಕ್ಕೆ ಇಟ್ಟಿದ್ದೆವು. ಕಾರಣ ಪುಸ್ತಕದಲ್ಲಿ ಓದಿದ್ದು. ಸಂಜೆಯ ಬಿಸಿಲು ಇಳಿಜಾರಾಗಿ ಬರುವುದರಿಂದ ಅದನ್ನು ಕಿಟಕಿಯ ಮೇಲೆ ಚಾಚಿದ ಸಜ್ಜಾ ತಡೆಯಲಾರದು, ಆದ್ದರಿಂದ ಜನ ಹೆಚ್ಚು ಹೊತ್ತು ಇರದ ಕೋಣೆಗಳನ್ನು ಆ ಕಡೆ ಇಟ್ಟು ತರಗತಿಗೆ ನೆರಳು ಕೊಡಬೇಕು. ಶಿಕ್ಷಕಿ ಒಂದೇ ವಾಕ್ಯದಲ್ಲಿ ಅದನ್ನು ಅಳಿಸಿದರು: "ಮಳೆಗಾಲ ಪೂರ್ತಿ ಗಾಳಿ ಪಶ್ಚಿಮದಿಂದ. ವಾಸನೆ ಎಲ್ಲಿಗೆ ಬರುತ್ತದೆ?" ಹಾಗಾದರೆ ಈಶಾನ್ಯಕ್ಕೆ ಎಂದಳು ಗೆಳತಿ. ಅಲ್ಲಿ ಎರೆಮಣ್ಣು ಶುರುವಾಗುತ್ತದೆ, ಇಂಗುಗುಂಡಿಯ ನೀರು ಇಳಿಯುವುದೇ ಇಲ್ಲ, ಆರು ತಿಂಗಳಲ್ಲಿ ಉಕ್ಕುತ್ತದೆ ಎಂದ ಪ್ಲಂಬರ್. ಹೀಗೆ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಾ ಮಧ್ಯಾಹ್ನವಾಯಿತು. ಕೊನೆಗೆ ಉತ್ತರದಲ್ಲಿ, ಕೆಂಪು ಮಣ್ಣಿರುವ ಕಡೆ, ಕಟ್ಟಡದಿಂದ ಮೂರು ಮೀಟರ್ ಬಿಟ್ಟು, ನಡುವೆ ಮಾಡು ಹಾಸಿದ ದಾರಿ ಇಟ್ಟು ಶೌಚಾಲಯ ನಿಂತಿತು. ಪಶ್ಚಿಮಕ್ಕೆ ಉಗ್ರಾಣವೂ ಶಿಕ್ಷಕರ ಕೋಣೆಯೂ ಬಂದವು. ನೀರಿನ ಎಲ್ಲ ಪೈಪುಗಳು ಒಂದೇ ಗೋಡೆಯ ಹೊರಮೈಗೆ ಸೇರಿದವು. ಭಾರ ಹೊರುವ ಗೋಡೆಯೊಳಗೆ ಒಂದೇ ಒಂದು ಪೈಪು ಹಾಯದಂತೆ ಯೋಜಿಸಿದ್ದು ಪ್ಲಂಬರನೇ. ಸುಣ್ಣದ ಗೆರೆಯ ಪಕ್ಕ ಅವನು ಇದ್ದಿಲಿನಿಂದ ಪೈಪಿನ ಗೆರೆ ಎಳೆಯುತ್ತಾ ಬರುವಾಗ ನನಗೆ ಹುಬ್ಬಳ್ಳಿಯ ಆ ಬಗ್ಗಿದ ಸರಳು ನೆನಪಾಗಿ ಕಣ್ಣು ಹನಿಗೂಡಿತು.

ಆರನೆಯ ತರಗತಿಯಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗಿ ಇದ್ದಳು. ಅವಳಿಗಾಗಿ ಇಳಿಜಾರು ದಾರಿಯನ್ನು ನಾವು ಮರೆತಿರಲಿಲ್ಲ. ನೆಲದಿಂದ 45 ಸೆಂಟಿಮೀಟರ್ ಎತ್ತರದ ಪಾಯಕ್ಕೆ ಒಂದಕ್ಕೆ ಹನ್ನೆರಡರ ಇಳಿಜಾರು ಎಂದರೆ 5.4 ಮೀಟರ್ ಉದ್ದ. ಮುಂದೆ ಜಾಗ ಸಾಲದೆಂದು ಹಿಂಬದಿಗೆ ಹಾಕಿದ್ದೆವು. ಅವಳು ಸುಣ್ಣದ ಗೆರೆಯ ಉದ್ದಕ್ಕೂ ಕುರ್ಚಿಯನ್ನು ತಳ್ಳಿಕೊಂಡು ಹೋಗಿ, ಹಿಂದಿನ ಬಾಗಿಲಿನವರೆಗೆ ಸುತ್ತಿ ಬಂದು, "ಎಲ್ಲರೂ ಮುಂದಿನಿಂದ ಬರುವಾಗ ನಾನು ಮಾತ್ರ ಹಿಂದಿನಿಂದ ಬರಬೇಕೇ?" ಎಂದು ಕೇಳಿದಳು. ಗೆಳತಿ ಅಲ್ಲಿಯೇ ಕೂತು ಮುಂಭಾಗವನ್ನು ಮತ್ತೆ ಬರೆದಳು. ಈಗ ಆ ಕಟ್ಟಡಕ್ಕೆ ಮುಂದಿನ ಮೆಟ್ಟಿಲೇ ಇಲ್ಲ. ಎಲ್ಲ ಮಕ್ಕಳೂ ಇಳಿಜಾರಿನ ಮೇಲೆಯೇ ಓಡಿ ಬರುತ್ತಾರೆ.

ಬೆಳಕಿನ ವಿಷಯದಲ್ಲಿ ಕಾಕಾನೂ ಕಂಪ್ಯೂಟರೂ ಒಂದೇ ಮಾತು ಹೇಳಿದ್ದು ನನಗೆ ಸಂತೋಷ ಕೊಟ್ಟಿತು. ಗ್ರಂಥಾಲಯದ ನಡುಭಾಗ ಹಗಲಿನಲ್ಲಿಯೂ ಮಬ್ಬಾಗಿರುತ್ತದೆಂದು ಗೆಳತಿಯ ಲೆಕ್ಕ ತೋರಿಸಿತ್ತು. ಕಿಟಕಿ ದೊಡ್ಡದು ಮಾಡಿದರೆ ಬಿಸಿ ಒಳಗೆ ಬರುತ್ತದೆ. "ನಮ್ಮ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತಿತ್ತಲ್ಲ" ಎಂದರು ಕಾಕಾ. ಮಣ್ಣಿನ ಚಾವಣಿಯ ಆ ಮೇಲುಮುದ್ದೆ ಮನೆಗಳ ಅಡುಗೆಕೋಣೆಯಲ್ಲಿ ನೆತ್ತಿಯ ಮೇಲಿನ ಆ ಚೌಕದಿಂದ ಬೀಳುತ್ತಿದ್ದ ಬೆಳಕಿನ ಕೋಲನ್ನು ನಾನೂ ಬಾಲ್ಯದಲ್ಲಿ ಕೈಯಲ್ಲಿ ಹಿಡಿಯಲು ನೋಡಿದವಳು. ಅದರ ತೊಂದರೆ ಸೋರುವುದು. ಅಂಚನ್ನು ಒಂದು ಗೇಣು ಎತ್ತರಿಸಿ, ಮೇಲೆ ಓರೆಯಾಗಿ ಗಾಜು ಕೂರಿಸಿ, ಪಕ್ಕದಲ್ಲಿ ಬಿಸಿಗಾಳಿ ಹೊರಹೋಗಲು ಜಾಲರಿ ಬಿಟ್ಟೆವು. ಎರಡು ಬೆಳಕಿಂಡಿ ಸಾಕಾದವು. ದಕ್ಷಿಣದ ಕಿಟಕಿಗಳಿಗೆ ಸಜ್ಜಾ ಎಷ್ಟಿರಬೇಕೆಂಬುದು ಸರಳ ಲೆಕ್ಕ. ಧಾರವಾಡದಲ್ಲಿ ಡಿಸೆಂಬರಿನ ನಡುಹಗಲು ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಜೂನಿನಲ್ಲಿ ನೆತ್ತಿಯನ್ನೂ ದಾಟಿ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. 60 ಸೆಂಟಿಮೀಟರಿನ ಸಜ್ಜಾ ಏಪ್ರಿಲಿನ ಬಿಸಿಲನ್ನು ಪೂರ್ತಿ ತಡೆದು, ಚಳಿಗಾಲದ ಬಿಸಿಲನ್ನು ಕಿಟಕಿಯ ಕೆಳಭಾಗದಿಂದ ಒಳಗೆ ಬಿಡುತ್ತದೆ.

ನಂತರ ಮಣ್ಣು. ಮಳೆನೀರಿನ ಟ್ಯಾಂಕಿಗೆ ಗುಂಡಿ ಹೇಗೂ ತೋಡಬೇಕಿತ್ತು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಚಾವಣಿ 180 ಚದರ ಮೀಟರ್, ಧಾರವಾಡದ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಐದನೇ ಒಂದು ಭಾಗ ವ್ಯರ್ಥವೆಂದು ಬಿಟ್ಟರೂ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮೇಲೆ. ಅಷ್ಟನ್ನೂ ಒಮ್ಮೆಗೇ ಹಿಡಿದಿಡಬೇಕಾಗಿಲ್ಲ, ತುಂಬುತ್ತಾ ಬಳಕೆಯಾಗುತ್ತಾ ಇರುತ್ತದೆ. 40,000 ಲೀಟರಿನ ಟ್ಯಾಂಕು ಸಾಕೆಂದು ತೀರ್ಮಾನಿಸಿ ಇಂಗುಗುಂಡಿಯಿಂದ ದೂರ, ದಕ್ಷಿಣಕ್ಕೆ ಇಟ್ಟೆವು. ಆ ಗುಂಡಿಯಿಂದ ಬಂದ ಕೆಂಪು ಮಣ್ಣು ಸುಮಾರು 60 ಘನ ಮೀಟರ್. ಮೇಲಿನ ಒಂದಡಿ ಮಣ್ಣನ್ನು, ಬೇರು ಕಸ ಕೂಡಿದ್ದನ್ನು, ಶಾಲೆಯ ಕೈತೋಟಕ್ಕೆ ಹಾಕಿದೆವು. ಉಳಿದದ್ದರಲ್ಲಿ ಗೋಡೆಯೂ ಆಯಿತು, ಪಾಯದ ಭರಾವೂ ಆಯಿತು. ಹೊರಗಿನಿಂದ ಒಂದು ಬುಟ್ಟಿ ಮಣ್ಣು ತರಲಿಲ್ಲ.

ಆದರೆ ಮೊದಲ ಇಟ್ಟಿಗೆಗಳು ಸೋತವು. ಇದನ್ನು ಮರೆಮಾಚದೆ ಹೇಳಬೇಕು, ಏಕೆಂದರೆ ಇದನ್ನು ಓದಿ ಯಾರಾದರೂ ಕೆಲಸಕ್ಕೆ ಇಳಿಯಬಹುದು. ಗಾಜಿನ ಬಾಟಲಿಯಲ್ಲಿ ಮಣ್ಣು ನೀರು ಹಾಕಿ ಕುಲುಕಿ ಇಟ್ಟರೆ ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಗೋಡು ತಡವಾಗಿ, ಜೇಡಿ ಮರುದಿನದವರೆಗೂ ನೀರನ್ನು ಕಲಕಿಸಿಕೊಂಡೇ ಇರುತ್ತದೆ. ನಮ್ಮ ಮಣ್ಣಿನಲ್ಲಿ ಜೇಡಿ ಹೆಚ್ಚಿತ್ತು. ಒಳ್ಳೆಯ ಇಟ್ಟಿಗೆಗೆ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಜೇಡಿ ಸಾಕು, ನಮ್ಮದರಲ್ಲಿ ಅದರ ಎರಡು ಪಟ್ಟಿನಷ್ಟಿತ್ತು. ಕಲ್ಲು ಪುಡಿಮಾಡಿದ ಮರಳು, ಎಂ-ಸ್ಯಾಂಡ್, ಸ್ವಲ್ಪ ಬೆರೆಸಿದರೆ ಸಾಕೆಂದುಕೊಂಡು ಅವಸರ ಮಾಡಿದೆ. 28 ದಿನ ಕಳೆದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ, ನೀರಿನಲ್ಲಿ ನೆನೆಸಿ ಒತ್ತಿಸಿದಾಗ ಇಟ್ಟಿಗೆ ತಾಳಿಕೊಳ್ಳುವ ಒತ್ತಡ 2.3 ಮೆಗಾಪಾಸ್ಕಲ್ ಬಂತು. ಬೇಕಾದದ್ದು 3.5. ಸುಮಾರು ಮುನ್ನೂರು ಇಟ್ಟಿಗೆ ಗೋಡೆಗೆ ಸಲ್ಲದೆ ಅಂಗಳದ ಹಾಸಿಗೆ ಹೋದವು, ಒಂದು ತಿಂಗಳು ಹೋಯಿತು. ಕಾಕಾ ಮೊದಲೇ ಮುಷ್ಟಿಯಲ್ಲಿ ಮಣ್ಣು ಹಿಸುಕಿ "ಇದು ಅಂಟು ಜಾಸ್ತಿ" ಎಂದಿದ್ದರು. ಅವರ ಮಾತನ್ನು ಅಂದು ನಾನು ಅಳತೆಯೆಂದು ಎಣಿಸಲಿಲ್ಲ. ಎರಡನೆಯ ಸಲ ಮಣ್ಣಿಗೆ ಸಮಪಾಲು ಎಂ-ಸ್ಯಾಂಡ್, ತೂಕದಲ್ಲಿ ನೂರಕ್ಕೆ ಏಳು ಸಿಮೆಂಟ್. 4.1 ಬಂತು.

ಕೈಯಿಂದ ಒತ್ತುವ ಯಂತ್ರವನ್ನು ಬಾಡಿಗೆಗೆ ತಂದಿದ್ದೆವು. ಜರಡಿ ಹಿಡಿಯಲು, ಕಲೆಸಲು, ಒತ್ತಲು, ಹೊತ್ತು ಜೋಡಿಸಲು ಎಂಟು ಜನ, ಅವರಲ್ಲಿ ಐವರು ಊರಿನ ಹೆಂಗಸರು. ದಿನಕ್ಕೆ ನಾನೂರರ ಆಸುಪಾಸು ಇಟ್ಟಿಗೆ. 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರ. ಒಟ್ಟು 6,500. ಒಂದು ಚೀಲ ಸಿಮೆಂಟಿಗೆ ತೊಂಬತ್ತು ಇಟ್ಟಿಗೆ ಬರುತ್ತವೆ. ಮೂರು ವಾರ ನೀರುಣಿಸುವಾಗ ಬಿಸಿಲು ತಾಗದಿರಲೆಂದು ಏನನ್ನು ಹೊದಿಸಬೇಕೆಂಬ ಪ್ರಶ್ನೆ ಬಂತು. ಪ್ಲಾಸ್ಟಿಕ್ ಹಾಳೆ ತರಿಸುವುದರಲ್ಲಿದ್ದೆ. ಆ ಹೆಂಗಸರು ಕಬ್ಬಿನ ಗದ್ದೆಯಿಂದ ಒಣಗರಿ, ಅಂದರೆ ರವದಿ, ಹೊತ್ತು ತಂದು ಹಾಸಿದರು. ಒಮ್ಮೆ ನೀರು ಹಾಕಿದರೆ ಸಂಜೆಯವರೆಗೂ ತಂಪು ಉಳಿಯುತ್ತಿತ್ತು. ಹೊಲದಲ್ಲಿ ಸುಟ್ಟು ಹೊಗೆಯಾಗುವ ವಸ್ತು ಅದು. ಮೊದಲ ದಿನ ಗೋಡೆ ಬೀಳುವ ಪ್ರಶ್ನೆ ಕೇಳಿದ ಸದಸ್ಯೆ ಆ ಎಂಟು ಜನರಲ್ಲಿ ಒಬ್ಬರು. ಜರಡಿಯ ಕಣ್ಣು ಹರಿದಿದ್ದರೆ ಕೆಲಸ ನಿಲ್ಲಿಸುತ್ತಿದ್ದವರು ಅವರೇ.

ಚಾವಣಿಗೆ ಹಳೆಯ ಮಂಗಳೂರು ಹಂಚು ಬಳಸಿದೆವು. ಕಾಂಕ್ರೀಟ್ ಚಪ್ಪಡಿ ಭಾರಕ್ಕೆ ಬಾಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗುವ ಕಡೆ ದುಡಿಯುವುದು ಸರಳು, ಅಲ್ಲಿನ ಕಾಂಕ್ರೀಟ್ ಬಹುಪಾಲು ಸುಮ್ಮನೆ ಭಾರ. ಸರಳುಗಳ ನಡುವಿನ ಆ ಜಾಗದಲ್ಲಿ ಹಂಚು ಇಟ್ಟರೆ ಕಾಂಕ್ರೀಟ್ ಉಳಿಯುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಮನೆಮನೆಗೆ ಮುಟ್ಟಿಸಿದರು. ಸಿಮೆಂಟಿನಲ್ಲಿ ಮಿತಿ ಇರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಸುಡುವಾಗ ಕಲ್ಲಿನೊಳಗಿನ ಇಂಗಾಲವೇ ಅನಿಲವಾಗಿ ಹೊರಬರುತ್ತದೆ. ಕಲ್ಲಿದ್ದಲಿನ ಬದಲು ಸೌರಶಕ್ತಿಯಲ್ಲಿ ಸುಟ್ಟರೂ ಅದು ತಪ್ಪುವುದಿಲ್ಲ. ಉಳಿದ ದಾರಿ ಕಡಿಮೆ ಬಳಸುವುದು.

ಊರಿನಲ್ಲಿ ಕೆಡವಿದ ಮನೆಗಳ ಹಿತ್ತಲಲ್ಲಿ ಹಂಚುಗಳು ರಾಶಿ ಬಿದ್ದಿದ್ದವು. ಸುಮಾರು 1,500 ಕೂಡಿದವು, ಯಾರೂ ಹಣ ಕೇಳಲಿಲ್ಲ. ಇಲ್ಲಿಯೇ ಎಲೆಕ್ಟ್ರಿಷಿಯನ್ ಮತ್ತು ನನ್ನ ನಡುವೆ ನಿಜವಾದ ಜಗಳ ನಡೆದದ್ದು. ಹಂಚುಗಳ ನಡುವಿನ ಸಣ್ಣ ಸಾಲುಗಳಲ್ಲಿ ಸರಳುಗಳಿವೆ, ಅದರಲ್ಲಿಯೇ ಅವನ ಕೊಳವೆಗಳೂ ನುಗ್ಗಿದರೆ ಕಾಂಕ್ರೀಟಿಗೆ ಜಾಗವೆಲ್ಲಿ? ನಾನು ಕೊಳವೆ ಬೇಡವೆಂದೆ. ಅವನು ಫ್ಯಾನಿಲ್ಲದ ತರಗತಿ ಕಟ್ಟುತ್ತೀರಾ ಎಂದ. ಎರಡು ದಿನ ಸೆಂಟ್ರಿಂಗಿನ ಹಲಗೆಯ ಮೇಲೆ ಹಂಚುಗಳನ್ನು ಬರಿದೇ ಜೋಡಿಸುತ್ತಾ ತೆಗೆಯುತ್ತಾ ಕೂತೆವು. ಪರಿಹಾರ ಹೊಳೆದದ್ದು ಬಡಿಗನಿಗೆ. ಪ್ರತಿ ಕೋಣೆಯ ನಡುವೆ, ಫ್ಯಾನಿನ ಸಾಲಿಗೆ ಸರಿಯಾಗಿ, ಒಂದಡಿ ಅಗಲ ಹಂಚೇ ಇಲ್ಲದ ಪಟ್ಟಿ ಬಿಟ್ಟು, ಕೊಳವೆ ಕೊಕ್ಕೆ ಎಲ್ಲ ಅದರೊಳಗೆ ಹೋಗಲಿ ಎಂದ. ಆ ಪಟ್ಟಿಯ ಕಾಂಕ್ರೀಟನ್ನು ಲೆಕ್ಕಕ್ಕೆ ಹಿಡಿದರೂ ಒಟ್ಟು ಐದನೇ ಒಂದು ಭಾಗದ ಹತ್ತಿರ ಉಳಿದಿತ್ತು. ಹಂಚುಗಳು ಕಾಂಕ್ರೀಟಿನ ನೀರು ಹೀರದಿರಲೆಂದು ಹಿಂದಿನ ರಾತ್ರಿಯೇ ನೆನೆಸಿಟ್ಟು, ಕಾರಹುಣ್ಣಿಮೆಗೆ ಇನ್ನೂ ಮೂರು ವಾರ ಇರುವಾಗ ಚಾವಣಿ ಹಾಕಿದೆವು. ಬೆಳಿಗ್ಗೆ ಆರಕ್ಕೆ ಶುರುವಾದ ಕೆಲಸ ರಾತ್ರಿ ಒಂಬತ್ತಕ್ಕೆ ಮುಗಿಯಿತು. ಒಂದೇ ಒಂದು ತೂತನ್ನು ನಂತರ ಒಡೆಯಬೇಕಾಗಲಿಲ್ಲ. ಬೇರೆಯವರಿಗೆ ಇದು ಸಣ್ಣ ಮಾತಾಗಿ ಕಾಣಬಹುದು.

ನೆಲಕ್ಕೆ ಶಹಾಬಾದ್ ಫರಸಿ ಹಾಸಿದ್ದು, ಬಾಗಿಲಿಗೆ ಹಳೆಯ ಸಾಗವಾನಿ ಸಿಕ್ಕಿದ್ದು, ಬಣ್ಣ ಹಚ್ಚದೇ ಬಿಟ್ಟ ಗೋಡೆಗೆ ಊರವರು ನಿಧಾನವಾಗಿ ಒಗ್ಗಿಕೊಂಡದ್ದು, ಇವೆಲ್ಲ ತಂಟೆಯಿಲ್ಲದೆ ನಡೆದವು.

ಒಂದು ಮಾತು ನನ್ನ ವೃತ್ತಿಯವರಿಗೆ. ನಮ್ಮಲ್ಲಿ ಬಹುತೇಕರ ಸಂಭಾವನೆ ಕಟ್ಟಡದ ಖರ್ಚಿನ ಶೇಕಡಾವಾರು. ಅಡಿಪಾಯವನ್ನು ಒಂದು ಮೀಟರ್ ಉಳಿಸಿದ ಎಂಜಿನಿಯರಿಗೆ ಅದರಿಂದ ಹಣ ಕಡಿಮೆಯಾಗುತ್ತದೆ, ಯೋಚಿಸದೆ ಸರಳು ಸುರಿದವನಿಗೆ ಹೆಚ್ಚಾಗುತ್ತದೆ. ಟೆಂಡರ್ ಪದ್ಧತಿಯಲ್ಲಿ ಕಟ್ಟುವವನ ಹೆಸರು ಗೊತ್ತಾಗುವ ಹೊತ್ತಿಗೆ ನಕ್ಷೆ ಮುಗಿದು ಮುದ್ರೆ ಬಿದ್ದಿರುತ್ತದೆ, ಅವನ ಅನುಭವಕ್ಕೆ ಒಳಬರಲು ಬಾಗಿಲೇ ಇಲ್ಲ. ಈ ಕೆಲಸಕ್ಕೆ ನಾನು ದಿನದ ಲೆಕ್ಕದಲ್ಲಿ ಹಣ ಪಡೆದೆ, ಗವಂಡಿಯಂತೆಯೇ. ಜಮಖಾನೆಯ ಮೇಲೆ ಕೂತ ದಿನಗಳು ಒಟ್ಟು ಹದಿನೇಳು. ಅಷ್ಟೂ ದಿನದ ಎಲ್ಲರ ಕೂಲಿ ಸೇರಿಸಿದರೂ ಅಡಿಪಾಯ ಒಂದರಲ್ಲಿಯೇ ಅದಕ್ಕಿಂತ ಹೆಚ್ಚು ಉಳಿದಿತ್ತು.

ಮೊದಲ ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಲ್ಲಿ ಎಲ್ಲರೂ ಮತ್ತೆ ಸೇರಿದೆವು. ಇದೂ ಮೊದಲೇ ಒಪ್ಪಿಕೊಂಡಿದ್ದ ದಿನ, ಇದಕ್ಕೂ ಕೂಲಿ. ಟ್ಯಾಂಕು ಜುಲೈ ಮಧ್ಯಕ್ಕೇ ತುಂಬಿ ಹರಿದಿತ್ತು. ಒಂದು ಬೆಳಕಿಂಡಿಯ ಮೂಲೆಯಲ್ಲಿ ಸಣ್ಣ ಸೋರಿಕೆ ಇತ್ತು, ಕಾಕಾ ಅಲ್ಲೇ ಏಣಿ ಹತ್ತಿ ಗಾಜಿನ ಅಂಚು ಬಿಚ್ಚಿ ನೋಡಿದರು. ಪಶ್ಚಿಮದ ಗೋಡೆಯ ಬುಡದಲ್ಲಿ ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿದು ಒಂದು ಗೇಣು ಎತ್ತರದವರೆಗೆ ಇಟ್ಟಿಗೆಯ ಮೈ ಒರಟಾಗಿತ್ತು. ಮಾಡಿನ ಚಾಚನ್ನು ಹೆಚ್ಚಿಸಿದ ನಾವು ನೀರು ಬೀಳುವ ಜಾಗಕ್ಕೆ ಕಲ್ಲು ಹಾಸುವುದನ್ನು ಯೋಚಿಸಿರಲಿಲ್ಲ. ಸಮಿತಿಯ ಆ ಸದಸ್ಯೆ ಒರಟಾದ ಜಾಗವನ್ನು ಉಗುರಿನಿಂದ ಕೆರೆದು ನೋಡಿದರು, ಶಾಲೆಯ ಬಕೆಟ್ಟಿನಲ್ಲಿ ಇಪ್ಪತ್ತು ದಿನ ಮಾಡಿದ್ದಂತೆಯೇ. ಪುಡಿ ಉದುರಲಿಲ್ಲ.

"ಮುಂದಿನ ಮಳೆಗೆ ಮೊದಲು ಇಲ್ಲಿ ಎರಡಡಿ ಅಗಲ ಗರಸು, ಅದರ ಮೇಲೆ ಉಳಿದ ಫರಸಿ ತುಂಡು" ಎಂದರು ಕಾಕಾ. ಪ್ಲಂಬರ್ ಅದರ ಪಕ್ಕದಲ್ಲಿ ಚರಂಡಿಯ ಇಳಿಜಾರು ಯಾವ ಕಡೆಗಿರಬೇಕೆಂದು ಕಾಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದ. ಗಾಲಿಕುರ್ಚಿಯ ಹುಡುಗಿ, ಈಗ ಏಳನೆಯ ತರಗತಿ, ಆ ಚರಂಡಿಯನ್ನು ತಾನು ದಾಟುವುದು ಹೇಗೆ ಎಂದು ಕೇಳಿದಳು. ಮೇಲೆ ಕಲ್ಲಿನ ಮುಚ್ಚಳ ಬರಬೇಕೆಂದು ಬರೆದುಕೊಂಡೆ.